ಗಿರಣಿಯ ಪಾಳಿ

ನಾನು ನಿಂತಿದ್ದು ಗಿರಣಿಯ ಬಾಗಿಲ ಮುಂದಿನ ಮೇಲಿನ ಮೆಟ್ಟಿಲ ಮೇಲೆ, ಬಲಗೈಯನ್ನು ಚೌಕಟ್ಟಿಗೆ ಆನಿಸಿಕೊಂಡು. ದೀಪಾವಳಿ ಕಳೆದ ಮೇಲಿನ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಹಿರೇಕೆರೂರಿನಿಂದ ಬರುವ ಬಸ್ಸು ಬಂದು ತಿರುಗಿ ಹೋಗಿತ್ತು. ಬಿಸಿಲು ಬೆನ್ನಿಗಿತ್ತು, ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನನ್ನ ಮತ್ತು ಹಿಟ್ಟು ಬೀಸುವ ಗಿರಣಿಯವರ ನಡುವೆ ಯಾರೂ ಅಡ್ಡ ನಿಂತಿರಲಿಲ್ಲ.

ಒಳಗೆ ಡಬ್ಬಿಗಳು ಸಾಲಾಗಿದ್ದವು. ಮುಂದಿನ ಡಬ್ಬಿಯ ಜೋಳ ಬೀಸಿ ಮುಗಿದಿತ್ತು. ಅದರ ಹಿಂದಿನದು ಸ್ಟೀಲಿನ ಡಬ್ಬಿ, ಬಾಯಿಗೆ ನೀಲಿ ಬಟ್ಟೆ ಕಟ್ಟಿದ್ದು. ಗಿರಣಿಯವರು ಅದನ್ನು ಎತ್ತಲಿಲ್ಲ. ಬಲಗಾಲ ಪಾದದ ಅಂಚಿನಿಂದ ಅದನ್ನು ಗೋಡೆಯ ಕಡೆಗೆ ಸರಿಸಿ, ಅದರ ಹಿಂದಿನ ಡಬ್ಬಿ ಎತ್ತಿಕೊಂಡರು. ಒದ್ದರು ಎಂದು ನಾನು ಬರೆಯಲಾರೆ. ದಾರಿಯಲ್ಲಿ ಮಲಗಿದ ಬೆಕ್ಕನ್ನು ಸರಿಸುವಷ್ಟೇ ಬಲ ಇತ್ತು ಅದರಲ್ಲಿ. ಡಬ್ಬಿ ನೆಲಕ್ಕೆ ಉಜ್ಜಿದ ಸಪ್ಪಳ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಡಬ್ಬಿಯ ಒಡತಿ ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದಳು. ಅವಳೂ ನೋಡಿದಳು.

ನಾನು ನೋಡಿದ್ದು ಇಷ್ಟೇ. ಇದಕ್ಕೆ ಏನೆಂದು ಹೆಸರಿಡಬೇಕು ಎನ್ನುವುದು ಇಂದಿಗೂ ನನಗೆ ಬಗೆಹರಿದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ನಾನು ದನದ ದವಾಖಾನೆಯಲ್ಲಿ ಕೆಲಸ ಮಾಡಿದವನು. ಹಾನಗಲ್ಲ, ಶಿಗ್ಗಾಂವಿ ಸುತ್ತಿ, ಕೊನೆಯ ವರ್ಷಗಳನ್ನು ಹಿರೇಕೆರೂರು ತಾಲೂಕಿನ ಆ ಹಳ್ಳಿಯಲ್ಲಿ ಕಳೆದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದು ಆ ಊರಿನದೊಂದೇ ಕತೆ ಅಂದುಕೊಂಡು ಉಳಿದ ಊರಿನವರು ನಿರಾಳವಾಗಿ ಓದುತ್ತಾರೆ. ನಮ್ಮದು ಸವಣೂರಿನ ಮುಸಲ್ಮಾನ ಮನೆತನ, ಎಲೆಬಳ್ಳಿಯ ತೋಟದವರು. ಹೆಂಡತಿ ತೀರಿಕೊಂಡ ಮೇಲೆ ನಾನು ಒಬ್ಬನೇ. ಗಿರಣಿಯ ಎದುರಿನ ಬಾಡಿಗೆ ಮನೆಯಲ್ಲಿದ್ದೆ. ನನ್ನ ರೊಟ್ಟಿ ನಾನೇ ಬಡಿಯುತ್ತಿದ್ದೆ. ದುಂಡಗೆ ಬರುತ್ತಿರಲಿಲ್ಲ, ಆದರೆ ಹಸಿ ಉಳಿಯುತ್ತಿರಲಿಲ್ಲ. ಹೀಗಾಗಿ ಗಿರಣಿಯ ಸಾಲಿನಲ್ಲಿ ನನ್ನದೂ ಒಂದು ಡಬ್ಬಿ ಇರುತ್ತಿತ್ತು.

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆವತ್ತು ಹೊಲದ ಕೆಲಸ ಕಡಿಮೆ, ಗಿರಣಿಯ ಮುಂದೆ ಜನ ಹೆಚ್ಚು. ಬೆಳಿಗ್ಗೆ ಬಂದು ಸಾಲಿನಲ್ಲಿ ಡಬ್ಬಿ ಇಟ್ಟು ಹೋದರೆ ಮುಗಿಯಿತು, ಕಾಯುತ್ತ ನಿಲ್ಲಬೇಕಿಲ್ಲ. ಡಬ್ಬಿಯೇ ನಿಮ್ಮ ಪರವಾಗಿ ಪಾಳಿ ಹಿಡಿದು ನಿಂತಿರುತ್ತದೆ. ಯಾರ ಡಬ್ಬಿ ಯಾವುದು ಅಂತ ಗಿರಣಿಯವರಿಗೆ ಮುಚ್ಚಳ ನೋಡಿಯೇ ಗೊತ್ತು. ಜೋಳ, ಗೋಧಿ ಮೊದಲು. ಒಂದೇ ಯಂತ್ರ ಇದ್ದುದರಿಂದ ಖಾರದ ಮೆಣಸಿನಕಾಯಿ ಮಧ್ಯಾಹ್ನದ ಮೇಲೆ. ಖಾರ ಬೀಸಿದ ನಂತರ ಗಿರಣಿಯವರು ತಮ್ಮದೇ ಚೀಲದಿಂದ ಒಂದು ಬೊಗಸೆ ನುಚ್ಚು ಹಾಕಿ ಯಂತ್ರ ಓಡಿಸುತ್ತಿದ್ದರು. ಕಲ್ಲಿಗೆ ಹತ್ತಿದ ಘಾಟೆಲ್ಲ ಅದರ ಜೊತೆ ಹೊರಗೆ ಬೀಳುತ್ತಿತ್ತು. ಅದಕ್ಕೆ ‘ಕಲ್ಲು ತೊಳೆಯೋದು’ ಅನ್ನುತ್ತಿದ್ದರು. ಜೋಳದಿಂದ ಜೋಳಕ್ಕೆ ಕಲ್ಲು ತೊಳೆಯುವ ಪದ್ಧತಿ ಇರಲಿಲ್ಲ. ಹಿಂದಿನವರ ಹಿಟ್ಟು ಒಂದಿಷ್ಟು ಮುಂದಿನವರ ಡಬ್ಬಿಗೆ ಬಂದೇ ಬರುತ್ತಿತ್ತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನೀಲಿ ಬಟ್ಟೆಯ ಡಬ್ಬಿಯ ಹೆಣ್ಣುಮಗಳ ಮನೆ ಊರ ಕೆಳಗಿನ ಓಣಿಯಲ್ಲಿತ್ತು. ಗಂಡ ಗೊಟಗೋಡಿ ಕಡೆ ಗಾರೆ ಕೆಲಸಕ್ಕೆ ಹೋಗಿ ಶನಿವಾರ ಮನೆಗೆ ಬರುತ್ತಿದ್ದ. ಅವಳು ಮಾಸೂರಿನ ದಿಕ್ಕಿಗಿದ್ದ ಒಂದು ತುಂಡು ಹೊಲವನ್ನೂ ಎರಡು ಎಮ್ಮೆಯನ್ನೂ ನೋಡಿಕೊಂಡಿದ್ದಳು. ಎಮ್ಮೆಗಳಿಂದಾಗಿ ನನಗೆ ಪರಿಚಯ. ಆ ಮನೆಯವರು ಬುದ್ಧನನ್ನು ನಂಬಿ ನಡೆಯಲು ಶುರುಮಾಡಿ ಕೆಲವು ವರ್ಷವಾಗಿತ್ತು. ಪಡಸಾಲೆಯಲ್ಲಿ ಒಂದು ಪಟ, ಅದರ ಕೆಳಗೆ ಒಂದು ದೀಪ. ಅವಳ ಮಾವ ಇರುವ ತನಕ ಊರಲ್ಲಿ ಸತ್ತ ದನ ಎಳೆಯುವ ಕೆಲಸ ಆ ಮನೆಯದಾಗಿತ್ತು. ಮಾವ ತೀರಿಕೊಂಡ ಮೇಲೆ ಊರಲ್ಲಿ ದೊಡ್ಡ ದನ ಯಾವುದೂ ಸತ್ತಿರಲಿಲ್ಲ. ಹಾಗಾಗಿ ಮುಂದೇನು ಎನ್ನುವ ಮಾತು ಬಂದಿರಲಿಲ್ಲ.

ದಸರೆಯ ಹೊತ್ತಿಗೆ ಗಿರಣಿಯವರ ಅಣ್ಣನ ಎತ್ತು ಹೊಟ್ಟೆ ಉಬ್ಬರಿಸಿ ಬಿತ್ತು. ನನ್ನನ್ನು ಕರೆದಾಗ ತಡವಾಗಿತ್ತು. ನಾನು ಅಲ್ಲಿರುವಾಗಲೇ ಜೀವ ಹೋಯಿತು. ಅಣ್ಣ ಬಹಳ ಹೊತ್ತು ಅದರ ಕೊಂಬು ಹಿಡಿದುಕೊಂಡು ಕೂತಿದ್ದರು. ಆಮೇಲೆ ಯಾರನ್ನೋ ಕೆಳಗಿನ ಓಣಿಗೆ ಕಳಿಸಿದರು. ಗಂಡ ಊರಲ್ಲಿರಲಿಲ್ಲ, ಅವಳೇ ಬಂದಳು. ಅಂಗಳದ ಅಂಚಿಗೆ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದಳು:

“ಅಣ್ಣಾರ, ಎತ್ತು ಹೋತಂತ ಕೇಳಿ ಭಾಳ ಬ್ಯಾಸರಾತ್ರಿ. ಮಾವ ಇದ್ದಾಗ ಮಾಡತಿದ್ರು. ನಾವು ಇನ್ನ ಆ ಕೆಲಸ ಮಾಡೂದಿಲ್ರಿ. ಮನ್ಯಾಗ ಎಲ್ಲಾರೂ ಕುಂತು ಮಾತಾಡೇವಿ.”

ಅಣ್ಣ ಕೊಂಬಿನಿಂದ ಕೈ ತೆಗೆದು ಅವಳ ಕಡೆ ನೋಡಿದರು. “ಆತು ಬಿಡವಾ. ನಿಮ್ಮ ಇಷ್ಟ,” ಅಂದರು. “ಜೆಸಿಬಿ ತರಸ್ತೇವಿ.”

“ಚೊಲೋ ಆತಲ್ಲ,” ಅಂದರು ಪಕ್ಕದಲ್ಲಿದ್ದ ಗಿರಣಿಯವರು. “ಜೆಸಿಬಿಗೆ ಜಾತಿ ಇಲ್ಲ.”

ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ನಾನೂ ನಕ್ಕೆ. ಜೆಸಿಬಿ ಬಂದು ಹೊಲದ ಬದುವಿಗೆ ಕುಣಿ ತೋಡಿ ಎತ್ತನ್ನು ಮಣ್ಣು ಮಾಡಿತು. ಕಾಲ ಬದಲಾಗಿದೆ, ಎಷ್ಟು ಸಲೀಸಾಗಿ ಮುಗಿಯಿತು ಅಂದುಕೊಳ್ಳುತ್ತ ನಾನು ಮನೆಗೆ ಹೋಗಿ ಕೈಕಾಲು ತೊಳೆದೆ.

ಡಬ್ಬಿ ಹಿಂದೆ ಬೀಳತೊಡಗಿದ್ದು ಅದಾದ ಮೇಲೆ. ಮೊದಮೊದಲು ಗಿರಣಿಯವರು ಕಾರಣ ಹೇಳುತ್ತಿದ್ದರು. “ಕಲ್ಲು ಕಾದಾವು, ನಾಳೆ ಬಾರವಾ.” “ಬೆಲ್ಟ್ ಸಡ್ಲಾಗೇತಿ.” “ಕರೆಂಟ್ ಕಮ್ಮಿ ಬರಾಕತ್ತೈತಿ.” ಗಿರಣಿಯಲ್ಲಿ ಇವೆಲ್ಲ ಆಗುವಂಥವೇ. ಅವಳು ಡಬ್ಬಿ ತಲೆಯ ಮೇಲೆ ಇಟ್ಟುಕೊಂಡು ಮನೆಗೆ ಹೋಗಿ ಮರುದಿನ ಬರುತ್ತಿದ್ದಳು. ಕೊನೆಗೆ ಮಾಸೂರಿಗೆ ಹೋಗಿ ಬೀಸಿಕೊಂಡು ಬರುವುದು ಶುರುವಾಯಿತು. ಹೋಗಿ ಬರುವುದಕ್ಕೆ ಅರ್ಧ ದಿನ ಹೋಗುತ್ತಿತ್ತು. ಹಾಗಿದ್ದೂ ಸೋಮವಾರ ಮೊದಲು ನಮ್ಮೂರ ಗಿರಣಿಗೆ ಬರುತ್ತಿದ್ದಳು. ಒಮ್ಮೆ ನಾನು ಕೇಳಿದೆ, “ಯಾಕವಾ, ಸುಮ್ಮನ ಮಾಸೂರಿಗೇ ಹೋಗಬಾರದೇನು?”

“ಮಾಸೂರಾಗ ಹಿಟ್ಟು ಸಿಗತೈತ್ರಿ ಸಾಹೇಬ್ರ,” ಅಂದಳು. “ಪಾಳಿ ನಮ್ಮೂರಾಗ ಐತಿ.”

ಆಮೇಲೆ ಬಂದದ್ದು ಆ ದೀಪಾವಳಿ ಕಳೆದ ಸೋಮವಾರ. ಆವತ್ತು ಕಾರಣವನ್ನೂ ಹೇಳಲಿಲ್ಲ. ಕಾಲು ಮಾತ್ರ.

ನನ್ನ ಡಬ್ಬಿ ಅದರ ಹಿಂದಿನ ಹಿಂದಿನದಾಗಿತ್ತು. ನನ್ನ ಪಾಳಿ ಬಂದಾಗ ನಾನು ಒಳಗೆ ಹೋಗಿ, “ನಂದು ಆಮೇಲೆ ಹಾಕ್ರಿ, ಈ ಪಾಳಿ ಅವರಿಗೆ ಬಿಟ್ಟೇನಿ,” ಅಂದೆ. ಪಾಳಿ ಬಿಟ್ಟುಕೊಡುವುದು ಅಲ್ಲಿ ಇದ್ದದ್ದೇ. ಮನೆಯಲ್ಲಿ ನೆಂಟರು ಬಂದಿದ್ದಾರೆ, ಕೂಸು ಅಳುತ್ತದೆ ಅಂದರೆ ಯಾರಾದರೂ ಬಿಡುತ್ತಾರೆ. ಗಿರಣಿಯವರು ನನ್ನ ಮುಖ ನೋಡಿ, ಕೈ ಚಾಚಿ, ಯಂತ್ರ ನಿಲ್ಲಿಸಿದರು. ಸದ್ದು ನಿಂತ ಕೂಡಲೇ ಒಳಗಿದ್ದವರ ಉಸಿರು ಕೇಳುವಂತಾಯಿತು.

“ಊಟದ ಹೊತ್ತಾತ್ರಿ ಸಾಹೇಬ್ರ,” ಅಂದರು. “ನೀವು ದನದ ಡಾಕ್ಟರ್. ದನದ್ದು ನೀವು ನೋಡ್ರಿ, ಜನದ್ದು ನಾವು ನೋಡ್ತೇವಿ.”

ಮೂಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಅಜ್ಜಿ ತಲೆ ಎತ್ತಲಿಲ್ಲ. ಅವಳು ಗಿರಣಿಯಲ್ಲಿ ದಿನವೆಲ್ಲ ಕೂಡುವವಳು. ಮೆಣಸಿನಕಾಯಿಯ ರಾಶಿಯಲ್ಲಿ ಹುಳ ಹತ್ತಿದ ಒಂದೇ ಕಾಯಿಯನ್ನು ಕೂತಲ್ಲಿಂದಲೇ ಗುರುತಿಸುತ್ತಿದ್ದಳು. ಗಿರಣಿಯವರ ಅಣ್ಣ ತೂಕದ ಕಾಟದ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು.

ಮುಂದಿನ ಸೋಮವಾರ ಹೋದಾಗ ಗಿರಣಿಯೊಳಗೆ ಸಾಲೇ ಇರಲಿಲ್ಲ. ಒಂದು ಡಬ್ಬಿಯೂ ನೆಲದ ಮೇಲಿರಲಿಲ್ಲ. “ಇನ್ನ ಫೋನ್ ಮಾಡಿ ಬರ್ರಿ, ನಾ ಹೇಳಿದ ಹೊತ್ತಿಗೆ ತರ್ರಿ. ಗದ್ದಲಾ ಬ್ಯಾಡ,” ಅಂದರು ಗಿರಣಿಯವರು. ಜನ ಒಪ್ಪಿಕೊಂಡರು. ಸಾಲು ಅಜ್ಜ ಅಜ್ಜಿಯರ ಕಾಲದಿಂದ ಇದ್ದ ಅನುಕೂಲ. ಬೆಳಿಗ್ಗೆ ಡಬ್ಬಿ ಇಟ್ಟು, ಸಂಜೆ ಬಿಸಿ ಹಿಟ್ಟು ಒಯ್ಯುವುದು. ಅದನ್ನು ಇಡೀ ಊರು ಒಂದು ವಾರದಲ್ಲಿ ಬಿಟ್ಟುಕೊಟ್ಟಿತು. ಸಾಲು ಇದ್ದರೆ ಅದರಲ್ಲಿ ಅವಳ ಡಬ್ಬಿಗೂ ಒಂದು ಜಾಗ ಇರುತ್ತದೆ. ಸಾಲೇ ಇಲ್ಲದಿದ್ದರೆ ಯಾರ ಪಾಳಿಯೂ ತಪ್ಪಿದ ಹಾಗಾಗುವುದಿಲ್ಲ. ನಾನು ಫೋನ್ ಮಾಡಿದರೆ ಗಿರಣಿಯವರು ಎತ್ತುತ್ತಿದ್ದರು. ಅವಳು ಮಾಡಿದರೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತಿತ್ತು. ಅವಳ ಫೋನು ನನ್ನ ಕೈಯಲ್ಲಿದ್ದಾಗಲೇ ಅದು ಹಾಗೆ ನಿಂತದ್ದನ್ನು ಕೇಳಿದ್ದೇನೆ. ಆದರೆ ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕಣ್ಣಿಗೆ ಕಾಣುವ ಕೊನೆಯ ಸಂಗತಿ ಆ ಕಾಲು.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಹಾನಗಲ್ಲಿಗೆ ವರ್ಗವಾದಾಗ ಬಾಡಿಗೆ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ಎಲ್ಲರೂ, “ಬರ್ರಿ ಸರ್, ಮನಿ ಖಾಲಿ ಐತಿ,” ಅನ್ನುತ್ತಿದ್ದರು. ಹೋಗಿ ಹೆಸರು ಹೇಳಿದ ಮೇಲೆ ಚಹಾ ಕೊಡುತ್ತಿದ್ದರು, ಊರು ಕೇಳುತ್ತಿದ್ದರು, ಸವಣೂರಿನ ಖಾರದ ರುಚಿಯನ್ನು ಹೊಗಳುತ್ತಿದ್ದರು. ಕೊನೆಗೆ ತಮ್ಮನ ಮಗ ಓದಲು ಬರುವವನಿದ್ದಾನೆ ಅನ್ನುತ್ತಿದ್ದರು. ಹಾನಗಲ್ಲಿನಲ್ಲಿ ಆ ವರ್ಷ ಎಷ್ಟೊಂದು ತಮ್ಮಂದಿರ ಮಕ್ಕಳು ಓದಲು ಬರುವವರಿದ್ದರು ಎಂದು ನನ್ನ ಹೆಂಡತಿ ನಗುತ್ತಿದ್ದಳು. ಕೊನೆಗೆ ಒಬ್ಬರು ಮನೆ ಕೊಟ್ಟರು, ನಾವು ಚೆನ್ನಾಗಿಯೇ ಇದ್ದೆವು. ಅದನ್ನು ನಾನು ಯಾರಿಗೂ ದೂರು ಹೇಳಲಿಲ್ಲ. ಏನೆಂದು ಹೇಳುವುದು? ಚಹಾ ಕೊಟ್ಟವರ ಮೇಲೆ ದೂರು ಹೇಗೆ ಕೊಡುವುದು?

ನೀಲಿ ಬಟ್ಟೆಯ ಡಬ್ಬಿಯವಳು ದೂರು ಕೊಟ್ಟಳು. ತಾಲೂಕಿನಿಂದ ಒಬ್ಬ ಅಧಿಕಾರಿ ವಿಚಾರಿಸಲು ಬಂದರು. ಪಂಚಾಯ್ತಿ ಕಚೇರಿಯಲ್ಲಿ ಕುರ್ಚಿ ಹಾಕಿದ್ದರು. ಅಧಿಕಾರಿ ಒಳ್ಳೆಯ ಮನುಷ್ಯ, ಅವಳಿಗೂ ಕೂರಲು ಹೇಳಿದರು. ಅವಳ ಗಂಡ ಆವತ್ತು ಕೆಲಸ ಬಿಟ್ಟು ಬಂದು ಹಿಂದೆ ನಿಂತಿದ್ದ.

“ಯಾರರ ಬೈದಾರೇನವಾ?”

“ಇಲ್ರಿ.”

“ಹೊಡದಾರ?”

“ಇಲ್ರಿ.”

“ಜಾತಿ ಎತ್ತಿ ಮಾತಾಡ್ಯಾರ?”

“ಮಾತಾಡೇ ಇಲ್ರಿ.”

“ನೀರಿಗೆ ಬ್ಯಾಡಂದಾರ? ಅಂಗಡ್ಯಾಗ ಸಾಮಾನು ಕೊಡೂದಿಲ್ಲಂದಾರ?”

“ಇಲ್ರಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಮತ್ತ ಏನಾಗೇತಿ?”

“ಏನೂ ಆಗಿಲ್ರಿ,” ಅಂದಳು. “ಊರಾಗ ಎಲ್ಲಾರ ಮನಿದೂ ಆಗತೈತಿ, ನಮ್ಮದು ಆಗೂದಿಲ್ಲ. ಅದನ್ನ ಹೇಳಾಕ ಬಂದೇನಿ.”

ಗಿರಣಿಯವರು ಎದ್ದು ಕೈ ಮುಗಿದರು. “ಸರ್, ನಾ ಒಬ್ಬಾಂವ. ಹಿಟ್ಟು ಹತ್ತಿದ ಕೈಲೆ ಎಲ್ಲಾರ ಫೋನ್ ಎತ್ತಾಕ ಆಗತೈತೇನ್ರಿ? ಬ್ಯಾಡ ಅಂತ ಯಾರಿಗರ ಅಂದೇನಿ ಅಂತ ಕೇಳ್ರಿ ಆಕೀನ್ನ.”

ಅವರು ಅಂದಿರಲಿಲ್ಲ. ಅದು ನಿಜ.

ಅಧಿಕಾರಿ ಗಿರಣಿಯ ಅಜ್ಜಿಯನ್ನು ಕರೆಸಿ ಕೇಳಿದರು. “ನಂಗ ಕಣ್ಣು ಮಂಜಾಗ್ಯಾವ್ರಿ ಯಪ್ಪಾ, ಮಂದಿ ಬಂದದ್ದೂ ಗೊತ್ತಾಗೂದಿಲ್ಲ, ಹೋದದ್ದೂ ಗೊತ್ತಾಗೂದಿಲ್ಲ,” ಅಂದಳು. ಗಿರಣಿಯವರ ಅಣ್ಣ ತಾನು ಕಾಟದ ಕಡೆ ನೋಡುತ್ತಿದ್ದೆ ಅಂದರು. ಆಮೇಲೆ ಅಧಿಕಾರಿ ನನ್ನನ್ನು ಕೇಳಿದರು. ನಾನು ನಿಂತ ಜಾಗ, ಹೊತ್ತು, ಡಬ್ಬಿಯ ನೀಲಿ ಬಟ್ಟೆ, ಬಲಗಾಲು, ಎಲ್ಲವನ್ನೂ ಹೇಳಿದೆ. ಒದೆಯಲಿಲ್ಲ, ಸರಿಸಿದರು ಎಂದೂ ಹೇಳಿದೆ.

“ಬೇಕಂತನ ಸರಿಸಿದ್ರೋ, ಜಾಗ ಮಾಡಾಕ ಸರಿಸಿದ್ರೋ?”

“ಅದನ್ನ ಹೇಳಾಕ ನನಗ ಬರೂದಿಲ್ರಿ ಸರ್. ಕಾಲು ನೋಡೇನಿ, ಮನಸ್ಸು ನೋಡಿಲ್ಲ.”

ಹಿಂದಿನಿಂದ ಯಾರೋ, “ಸಾಹೇಬ್ರು ದನದ ಕಾಲು ನೋಡಿ ನೋಡಿ ರೂಢಿ ಬಿಡ್ರಿ,” ಅಂದರು. ಕಚೇರಿಯೆಲ್ಲ ನಕ್ಕಿತು. ಅಧಿಕಾರಿಯೂ ಮುಗುಳ್ನಕ್ಕು, ಗಿರಣಿಯವರ ಕಡೆ ತಿರುಗಿ, “ನಾಳೆ ಇವರದು ಹಾಕ್ರಿ. ಇಲ್ಲಿಗೆ ಮುಗಸ್ರಿ,” ಅಂದರು. “ಬರ್ಲಿ ಸರ್, ನಾ ಬ್ಯಾಡ ಅಂದೇನೇನು?” ಅಂದರು ಗಿರಣಿಯವರು.

ಹಳೆಯ ಕಾಲದಲ್ಲಿ ಊರಿನಿಂದ ಹೊರಗಿಟ್ಟರೆ ಡಂಗುರ ಸಾರುತ್ತಿದ್ದರು ಎಂದು ನನ್ನ ಅಜ್ಜ ಹೇಳುತ್ತಿದ್ದ. ಇಂಥವರಿಗೆ ಬೆಂಕಿ ಕೊಡಬೇಡಿ, ನೀರು ಕೊಡಬೇಡಿ ಅಂತ. ಆ ಕಾಲ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೊಂದು ಬಾಗಿಲಿತ್ತು. ಹೊರಗಿಟ್ಟವರು ಯಾರು ಅಂತ ಗೊತ್ತಿತ್ತು, ಹೋಗಿ ಅವರನ್ನು ಕೇಳಬಹುದಿತ್ತು, ಜಗಳ ಮಾಡಬಹುದಿತ್ತು. ಇಲ್ಲಿ ಯಾರನ್ನು ಕೇಳಬೇಕು? ಅಣ್ಣ, “ನಿಮ್ಮ ಇಷ್ಟ” ಅಂದಿದ್ದರು. ಗಿರಣಿಯವರು “ಬರ್ಲಿ” ಅಂದರು. ಅಜ್ಜಿಗೆ ಕಣ್ಣು ಮಂಜು. ಉಳಿದವರು ತಮ್ಮ ತಮ್ಮ ಹಿಟ್ಟಿಗೆ ಫೋನ್ ಮಾಡಿದವರು. ಪ್ರತಿಯೊಬ್ಬರೂ ಮಾಡಿದ್ದು ಅಷ್ಟೇ ಚಿಕ್ಕದು, ಒಬ್ಬೊಬ್ಬರಾಗಿ ಕೇಳಿದರೆ ತಪ್ಪೆಂದು ಹೇಳಲು ಬಾರದಂಥದ್ದು.

ಮರುದಿನ ಅವಳು ಡಬ್ಬಿ ತಂದಳು. ನಾನು ಅದೇ ಮೆಟ್ಟಿಲ ಮೇಲೆ ನಿಂತೆ. ಗಿರಣಿಯಲ್ಲಿ ಬೇರೆ ಗಿರಾಕಿಗಳು ಯಾರೂ ಇರಲಿಲ್ಲ. ಮೂಲೆಯಲ್ಲಿ ಅಜ್ಜಿ, ಸ್ಟೂಲಿನ ಮೇಲೆ ಅಣ್ಣ. ಗಿರಣಿಯವರು ನೀಲಿ ಬಟ್ಟೆ ಬಿಚ್ಚಿ, ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ, ಜೋಳ ಸುರಿದರು. ಚೆನ್ನಾಗಿ ಬೀಸಿದರು, ನುಣ್ಣಗೆ. ಬೆರಳಿನಿಂದ ಹಿಟ್ಟು ಮುಟ್ಟಿ ನೋಡಿ ಕಲ್ಲು ಬಿಗಿ ಮಾಡಿದರು. ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಸಡಿಲಾದದ್ದನ್ನು ನಾನು ಕಂಡೆ. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಲು ಅವಳು ಬಗ್ಗಿದಳು.

ಆಗ ಗಿರಣಿಯವರು ಮೂಲೆಯ ಚೀಲಕ್ಕೆ ಕೈ ಹಾಕಿ ಒಂದು ಬೊಗಸೆ ನುಚ್ಚು ತೆಗೆದು ಯಂತ್ರಕ್ಕೆ ಹಾಕಿದರು. ಕಲ್ಲು ತೊಳೆದರು.

ಖಾರ ಬೀಸಿರಲಿಲ್ಲ. ಇನ್ನೂ ಬೆಳಗಿನ ಹೊತ್ತು. ಆ ನುಚ್ಚು ಬಿಳಿಯ ಹಿಟ್ಟಾಗಿ ಬಂದು ಖಾಲಿ ಬುಟ್ಟಿಗೆ ಬಿತ್ತು. ದನಕ್ಕೆ ಹಾಕುವ ಬುಟ್ಟಿ ಅದು.

ಅವಳು ಬಟ್ಟೆಯ ಗಂಟು ಅರ್ಧಕ್ಕೆ ಬಿಟ್ಟು ಎದ್ದು ನಿಂತಳು. ಅಳಲಿಲ್ಲ, ಬೈಯಲಿಲ್ಲ. “ಅಣ್ಣಾರ,” ಗಿರಣಿಯವರಿಗೆ ಅಂದಳು, “ಕಲ್ಲಿಗೆ ಹತ್ತಿದ್ದು ನಮ್ಮ ಜೋಳ. ಅದೂ ನಂದ. ಡಬ್ಬಿಗೆ ಹಾಕ್ರಿ.”

ಗಿರಣಿಯವರು ಬುಟ್ಟಿಯನ್ನೂ ಅವಳನ್ನೂ ನೋಡಿದರು. ಬುಟ್ಟಿಗೆ ಕೈ ಹಾಕಲಿಲ್ಲ. ಕೊನೆಗೆ ಅವಳೇ ಮುಂದೆ ಹೋಗಿ, ಬುಟ್ಟಿಯಲ್ಲಿದ್ದದ್ದನ್ನು ತನ್ನ ಡಬ್ಬಿಗೆ ಸುರಿದುಕೊಂಡು, ಬುಟ್ಟಿಯ ತಳವನ್ನು ಕೈಯಿಂದ ತಟ್ಟಿ, ಗಂಟು ಕಟ್ಟಿದಳು. ಬೀಸಿದ್ದಕ್ಕೆ ಕೊಡಬೇಕಾದ್ದನ್ನು ಕಾಟದ ಮೇಲೆ ಇಟ್ಟು ನನ್ನ ಪಕ್ಕದಿಂದ ಇಳಿದು ಹೋದಳು. ಅದರ ಮುಂದಿನ ಸೋಮವಾರ ಅವಳ ಫೋನನ್ನು ಮತ್ತೆ ಯಾರೂ ಎತ್ತಲಿಲ್ಲ.

ನನಗೂ ಯಾರೂ ಏನೂ ಮಾಡಲಿಲ್ಲ. ದನಕ್ಕೆ ಹುಷಾರಿಲ್ಲದಿದ್ದರೆ ಕರೆಯುತ್ತಿದ್ದರು. ಹೋದರೆ ಮಾಡಿದ ಕೆಲಸಕ್ಕೆ ಕೈ ಮುಗಿಯುತ್ತಿದ್ದರು. ಮೊದಲು ಸೂಜಿ ಹಾಕಿ ಮುಗಿದ ಮೇಲೆ, “ಕುಂತ್ರಿ ಸಾಹೇಬ್ರ, ಒಂದೀಟು ಮಜ್ಜಿಗಿ ಕುಡಕೊಂಡು ಹೋಗ್ರಿ,” ಅನ್ನುತ್ತಿದ್ದರು. ಆ ಮಾತು ನಿಂತಿತು. ಕಟ್ಟೆಯ ಹತ್ತಿರ ಹೋದರೆ ಎಲ್ಲರೂ, “ಬರ್ರಿ,” ಅಂದು ಜಾಗ ಬಿಡುತ್ತಿದ್ದರು. ಜಾಗ ಸ್ವಲ್ಪ ಹೆಚ್ಚೇ ಬಿಡುತ್ತಿದ್ದರು. ನಾನು ಕೂತ ಮೇಲೆ ಮಾತು ಮಳೆಯ ಕಡೆಗೆ ಹೋಗುತ್ತಿತ್ತು, ಮಳೆ ಇಲ್ಲದ ತಿಂಗಳಲ್ಲೂ. ಸಂಜೆ ರೊಟ್ಟಿ ಬಡಿಯುವಾಗ ಎದುರಿನ ಗಿರಣಿಯ ಸದ್ದು ಕೇಳುತ್ತ, ಇದು ನನ್ನ ಕಲ್ಪನೆಯೇ, ಒಂಟಿ ಮನುಷ್ಯನ ಸಂಶಯವೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡೆ. ಅವಳೂ ಹೀಗೆಯೇ ಕೇಳಿಕೊಂಡಿರಬೇಕು. ಇಂಥದ್ದರ ಅತಿ ಕೆಟ್ಟ ಭಾಗ ಇದೇ ಅನಿಸುತ್ತದೆ. ಮೊದಲ ಸಾಕ್ಷಿ ನೀವೇ, ಮತ್ತು ನಿಮ್ಮ ಮಾತನ್ನು ನೀವೇ ಪೂರ್ತಿ ನಂಬುವುದಿಲ್ಲ.

ಕೆಲಸ ಮುಗಿದ ಮೇಲೆ ಸವಣೂರಿಗೆ ಬಂದೆ. ಇಲ್ಲಿ ಪ್ಯಾಕೆಟ್ಟಿನ ಹಿಟ್ಟು ಸಿಗುತ್ತದೆ, ಅದನ್ನೇ ತರುತ್ತೇನೆ. ಅವಳು ಆಗೊಮ್ಮೆ ಈಗೊಮ್ಮೆ ಎಮ್ಮೆಯ ವಿಷಯ ಕೇಳಲು ಫೋನ್ ಮಾಡುತ್ತಾಳೆ. ಹೋದ ತಿಂಗಳು ನಾನು ಗಿರಣಿಯ ಬಗ್ಗೆ ಕೇಳಿದೆ.

“ಸೋಮವಾರಕ್ಕೊಮ್ಮೆ ಫೋನ್ ಮಾಡತೇನ್ರಿ,” ಅಂದಳು. “ಎತ್ತೂದಿಲ್ಲ. ಆಮ್ಯಾಲ ಮಾಸೂರ ಬಸ್ ಹತ್ತತೇನಿ.”

“ಎತ್ತೂದಿಲ್ಲಂತ ಗೊತ್ತಿದ್ದ ಮ್ಯಾಲ ಯಾಕ ಮಾಡತೀಯವಾ?”

“ನಾ ಮಾಡೂದು ಬಿಟ್ಟರ, ಆಕೀನ ಪಾಳಿ ಬಿಟ್ಟಾಳ ಅಂತಾರಲ್ರಿ.”

ಅದಕ್ಕೇ ಬರೆದಿಟ್ಟಿದ್ದೇನೆ. ಅವಳು ಬಿಟ್ಟಿಲ್ಲ.

ಆ ಸೋಮವಾರ ಕಾಲು ಡಬ್ಬಿಯನ್ನು ಸರಿಸಿದ್ದನ್ನು ನನ್ನ ಹೊರತು ನೋಡಿದವರು ಇವರು. ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ ಅವಳು. ಕಾಲು ಯಾರದೋ ಆ ಗಿರಣಿಯವರು. ಈಗಲೂ ಅವರೇ ಗಿರಣಿ ನಡೆಸುತ್ತಾರೆ. ಕಾಟದ ಹತ್ತಿರ ಕೂತಿದ್ದ ಅವರ ಅಣ್ಣ. ಹೊಸ ಎತ್ತು ತಂದಿದ್ದಾರೆ. ಮೂಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಅಜ್ಜಿ. ಎಲ್ಲರೂ ಬದುಕಿದ್ದಾರೆ. ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿದ್ದಾರಂತೆ, ಈಗ ಚೆನ್ನಾಗಿ ಕಾಣುತ್ತದಂತೆ.